ಅಂತೂರ-ಬೆಂತೂರಿನಲ್ಲಿ ಧಾರವಾಡ ಕೇಳಿದ್ದು

ಗದಗಿಗೆ ಬಂದವರು ವೀರನಾರಾಯಣನ ಗುಡಿ ನೋಡುತ್ತಾರೆ, ಕುಮಾರವ್ಯಾಸ ಕೂತು ಬರೆದನೆಂದು ಹೇಳುವ ಕಂಬವನ್ನು ಮುಟ್ಟಿ ನಮಸ್ಕರಿಸುತ್ತಾರೆ. ತ್ರಿಕೂಟೇಶ್ವರನ ದರ್ಶನ ಆಗುತ್ತದೆ. ಕೈಯಲ್ಲಿ ನಾಲ್ಕು ದುಡ್ಡಿದ್ದರೆ ಬೆಟಗೇರಿಗೆ ಹೋಗಿ ಸೀರೆ ಕೊಳ್ಳುತ್ತಾರೆ, ಹೊತ್ತಿದ್ದರೆ ಲಕ್ಕುಂಡಿಯ ಗುಡಿ-ಬಾವಿಗಳನ್ನೂ ನೋಡಿಕೊಂಡು ಊರಿಗೆ ಮರಳುತ್ತಾರೆ. ಅಂತೂರ-ಬೆಂತೂರಿಗೆ ಮಾತ್ರ ಯಾರೂ ಪ್ರವಾಸ ಹೋಗುವುದಿಲ್ಲ. ಅಲ್ಲಿಗೆ ಹೋಗುವವರು ಬೀಗರು, ನೆಂಟರು, ಕಾಳು-ಕಡಿ ವ್ಯಾಪಾರದವರು, ಇಲ್ಲವೇ ನನ್ನಂಥ ಅಕ್ಕನ ಮಕ್ಕಳು, ತಂಗಿಯ ಮಕ್ಕಳು. ಆದರೂ ನಾನು ಕಂಡ ಊರುಗಳಲ್ಲಿ ಬರೆಯಬೇಕೆನ್ನಿಸಿದ್ದು ಇದೇ ಊರು. ಅಲ್ಲಿ ನೋಡುವಂಥದ್ದು ಕಡಿಮೆ ಇರಬಹುದು. ಕೇಳುವಂಥದ್ದು ಬಹಳ ಇತ್ತು.

ಜೋಡಿ ಊರು

ಅಂತೂರು ಬೇರೆ, ಬೆಂತೂರು ಬೇರೆ. ಆದರೆ ನಮ್ಮ ಕಡೆಯ ಬಾಯಲ್ಲಿ ಅವು ಗಂಡ-ಹೆಂಡತಿ ಇದ್ದಂತೆ. ಒಂದರ ಹೆಸರು ಹೇಳಿ ಇನ್ನೊಂದನ್ನು ಬಿಡುವಂತಿಲ್ಲ. "ಎಲ್ಲಿಗೆ ಹೊಂಟೀರಿ?" ಅಂದರೆ "ಅಂತೂರ-ಬೆಂತೂರಿಗ್ರೀ" ಅಂತಲೇ ಉತ್ತರ. ನಮ್ಮ ಮನೆ ಲಕ್ಷ್ಮೇಶ್ವರದಲ್ಲಿ. ಗದಗಿಗೆ ಬಂದು ಅಲ್ಲಿಂದ ಮತ್ತೊಂದು ಬಸ್ಸು ಹಿಡಿಯಬೇಕು. ಊರು ದಾಟಿದ ಕೂಡಲೇ ಎರಡೂ ಕಡೆ ಎರಿ ಹೊಲ. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ಳುವ ಮಣ್ಣು. ಬ್ಯಾಸಿಗೆಯಲ್ಲಿ ಅದೇ ಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹತ್ತಿ, ಬಿಳಿಜೋಳ, ಕಡಲೆ, ಗೋದಿ, ಮೆಣಸಿನಕಾಯಿ, ಉಳ್ಳಾಗಡ್ಡಿ - ಇವೇ ಆ ಸೀಮೆಯ ಬೆಳೆ. ಗಿಡಮರ ಕಡಿಮೆ, ಆಕಾಶ ದೊಡ್ಡದು. ನಡುವೆ ಗುಡ್ಡವಿಲ್ಲ, ಕಾಡಿಲ್ಲ. ಈ ಬಯಲಿಗೂ ನಾನು ಹೇಳಹೊರಟ ರೇಡಿಯೊದ ಮಾತಿಗೂ ಸಂಬಂಧವಿದೆ, ಮುಂದೆ ಹೇಳುತ್ತೇನೆ.

ನಾನು ಹೋದದ್ದು 2019ರ ಜನವರಿಯಲ್ಲಿ, ಎಳ್ಳ ಅಮಾವಾಸ್ಯೆಗೆ. ಹಬ್ಬದ ದಿನ ಮನೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ. ವೈನಿ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೀಕಾಯಿ ಎಣ್ಣಿಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಗಟ್ಟಿ ಮೊಸರು ಎಲ್ಲ ಸಿದ್ಧ ಮಾಡಿದ್ದಳು. ತೆನೆ ಕಟ್ಟಿದ ಜೋಳದ ನಡುವೆ ಕೂತು ಉಣ್ಣುವ ಆ ಊಟದ ರುಚಿ ಯಾವ ಹೋಟೆಲಿನಲ್ಲೂ ಸಿಗದು.

ದೊಡ್ಡವ್ವನ ರೇಡಿಯೊ

ನನ್ನ ದೊಡ್ಡವ್ವನಿಗೆ ಆಗ ಎಂಬತ್ತರ ಹತ್ತಿರ. ಕಣ್ಣಿನೊತ್ತಡದ ಬೇನೆಯಿಂದ ಎರಡೂ ಕಣ್ಣು ಹೋಗಿ ಕೆಲವು ವರ್ಷವಾಗಿತ್ತು. ಹಗಲು ಮನೆಯವರೆಲ್ಲ ಹೊಲಕ್ಕೆ, ಮಕ್ಕಳು ಸಾಲಿಗೆ. ಪಡಸಾಲೆಯಲ್ಲಿ ಆಕೆ ಮತ್ತು ಆಕೆಯ ರೇಡಿಯೊ. ಕಣ್ಣಿದ್ದವರಿಗೆ ಬಿಸಿಲು ಕಟ್ಟೆಯ ಮೇಲೆ ಎಲ್ಲಿ ಬಿತ್ತೆಂದು ಹೊತ್ತು ಗೊತ್ತಾಗುತ್ತದೆ. ಆಕೆಗೆ ರೇಡಿಯೊ ಅಂದರೆ ಗಡಿಯಾರ. ಮುಂಜಾನೆಯ ಭಕ್ತಿಗೀತೆ ಬಂತೆಂದರೆ ವಿಭೂತಿ ಹಚ್ಚಿಕೊಳ್ಳುವ ಹೊತ್ತು. ಪ್ರದೇಶ ಸಮಾಚಾರ ಬಂತೆಂದರೆ ಚಹಾ. ಮಧ್ಯಾಹ್ನದ ವಾರ್ತೆ ಮುಗಿದರೆ ಊಟ. ಸಂಜೆ ರೈತರ ಕಾರ್ಯಕ್ರಮ ಶುರುವಾಯಿತೆಂದರೆ ಮಗ ಮನೆಗೆ ಬರುವ ಹೊತ್ತಾಯಿತು ಎಂದು ಲೆಕ್ಕ.

ನಾನು ಹೋದಾಗ ಆ ರೇಡಿಯೊ ಮೂಲೆ ಸೇರಿತ್ತು. "ಬರೇ ಗರ್ ಅಂತೈತಿ ತಂಗಿ. ಒಳಗ ಜೇನುಹುಳ ಕುಂತಂಗ ಆಗೈತಿ. ಧಾರವಾಡ ಅಲ್ಲೇ ಐತಿ, ಆದರ ನನ್ನ ತನಕ ಬರವಲ್ದು," ಅಂದಳು. ಅಣ್ಣ ಪಾಪ, ಬ್ಯಾಟರಿ ಎರಡು ಸಲ ಬದಲಿಸಿ ನೋಡಿದ್ದ. ಮೊಬೈಲ್ ಕೊಡಿಸುತ್ತೇನೆ, ಅದರಲ್ಲಿ ಎಲ್ಲ ಹಾಡು ಸಿಗುತ್ತವೆ ಅಂದಿದ್ದ. ಅದಕ್ಕೆ ದೊಡ್ಡವ್ವ ಕೊಟ್ಟ ಉತ್ತರ ನನಗೆ ಇವತ್ತಿಗೂ ಮರೆತಿಲ್ಲ: "ಮೊಬೈಲ್ ಅಂದರ ಮೊಮ್ಮಗನ ಕೈಯಾಗಿನ ಮಾತು. ಅಂವ ಹಚ್ಚಿದರ ಹತ್ತತೈತಿ, ಇಲ್ಲಂದರ ಇಲ್ಲ. ರೇಡಿಯೊ ನನ್ನ ಕೈಯಾಗಿಂದು. ಕಿವಿ ಹಿಂಡಿದರ ಸಾಕು, ಮಾತಾಡತೈತಿ." ನುಣುಪಾದ ಗಾಜಿನ ಮೇಲೆ ಬೆರಳಾಡಿಸಿ ಹಾಡು ಹುಡುಕುವುದು ಕಣ್ಣಿಲ್ಲದವರಿಗೆ ಸುಲಭವೇ? ತಿರುಗಿಸುವ ಗುಂಡಿಯಾದರೆ ಬೆರಳಿಗೇ ಕಣ್ಣು.

ರೇಡಿಯೊವನ್ನು ಗದಗಿಗೆ ಒಯ್ದೆ. ಈಗ ರೇಡಿಯೊ ರಿಪೇರಿಯವರು ಸಿಗುವುದೇ ಅಪರೂಪ. ಮೂರು ಮೊಬೈಲ್ ಅಂಗಡಿಯವರು ನೋಡಿ ನಕ್ಕರು. ಕೊನೆಗೆ ಓಣಿಯೊಂದರಲ್ಲಿ ಒಬ್ಬ ಹಿರಿಯರು ಸಿಕ್ಕರು. ಸೆಟ್ ಬಿಚ್ಚಿ, ಧೂಳು ಒರೆಸಿ, ಬ್ಯಾಟರಿ ಕಚ್ಚುವ ತಗಡಿನ ಕಿಲುಬು ಕೆರೆದು, "ಇದಕ್ಕೇನೂ ಆಗಿಲ್ಲರೀ ತಂಗಿ. ಮನ್ಯಾಗ ಹೊಸಾ ಬಲ್ಬ್ ಹಾಕ್ಸೀರೇನು?" ಎಂದು ಕೇಳಿದರು. ಹಾಕಿಸಿದ್ದರು! ಎಲ್.ಇ.ಡಿ. ಬಲ್ಬಿನ ಬುಡದಲ್ಲಿರುವ, ಮೊಬೈಲ್ ಚಾರ್ಜರಿನ ಒಳಗಿರುವ ಸಣ್ಣ ಸರ್ಕೀಟು ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಸಲ ಕಡಿದು ಜೋಡಿಸುತ್ತಿರುತ್ತದಂತೆ. ಅಗ್ಗದ ಮಾಲಾದರೆ ಆ ಗದ್ದಲ ತಂತಿಯಗುಂಟ ಹರಿದು, ಮೀಡಿಯಂ ವೇವ್ ರೇಡಿಯೊಕ್ಕೆ ಗರ್ ಎಂದು ಕೇಳುತ್ತದಂತೆ. ಮರುದಿನ ಹೊಲಕ್ಕೆ ಹೋಗುವಾಗ ರೇಡಿಯೊವನ್ನೂ ಬುತ್ತಿಯ ಜೊತೆ ಒಯ್ದೆವು. ಕರೆಂಟಿನ ತಂತಿ ಇಲ್ಲದ ಆ ಬಯಲಿನಲ್ಲಿ ಧಾರವಾಡ ಗಂಟೆ ಬಾರಿಸಿದ ಹಾಗೆ ಸ್ವಚ್ಛ ಕೇಳಿತು. ಮನೆಯಲ್ಲಿ ಪಡಸಾಲೆಯ ಬಲ್ಬ್ ಬದಲಿಸಿ, ರೇಡಿಯೊವನ್ನು ಪಶ್ಚಿಮದ ಕಿಟಕಿಗೆ ಇಟ್ಟ ಮೇಲೆ ಒಳಗೂ ಕೇಳತೊಡಗಿತು.

ಇಷ್ಟಕ್ಕೇ ಕತೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಆಕೆ ಕೇಳಿದ ಪ್ರಶ್ನೆಯೊಂದು ಉಳಿಯಿತು. "ನಮ್ಮ ರೇಡಿಯೊ ರಿಪೇರಿ ಆತು, ಛಲೋ ಆತು. ಆದರ ಧಾರವಾಡದಾಗಿನ ಅದನ್ನ ಯಾರರ ಬಂದ್ ಮಾಡಿದರ ಎಲ್ಲಿ ಒಯ್ದು ರಿಪೇರಿ ಮಾಡಸ್ತಿ?"

ಗಾಳಿಯಲ್ಲೇ ಸಂಗೀತವಿರುವ ನಾಡು

ಧಾರವಾಡದ ಆಕಾಶವಾಣಿ ಹುಟ್ಟಿದ್ದು 1950ರ ಜನವರಿ 8ರಂದು. ಕರ್ನಾಟಕ ಏಕೀಕರಣಕ್ಕಿಂತ ಆರು ವರ್ಷ ಮೊದಲು. ಮುಂಬಯಿ ಪ್ರಾಂತದ ಕನ್ನಡಿಗರಿಗೆ ಅದು ಬರೀ ಹಾಡಿನ ಪೆಟ್ಟಿಗೆಯಲ್ಲ, ತಮ್ಮ ಭಾಷೆಗೊಂದು ಮನೆ ಸಿಕ್ಕಂತೆ. ವರಕವಿ ಬೇಂದ್ರೆಯವರು ಆ ಕೇಂದ್ರಕ್ಕೆ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನಸೂರರು ಸಂಗೀತ ವಿಭಾಗಕ್ಕೆ ಸಲಹೆಗಾರರು. ಎನ್ಕೆ ಕುಲಕರ್ಣಿಯವರಂಥ ಲೇಖಕರು ಅಲ್ಲಿ ದುಡಿದರು. ಹೆಸರಿನ ಮಾತು ಬಂದರೆ ನಾವು ಕನ್ನಡದವರು ತುಸು ಹೆಮ್ಮೆ ಪಡಬಹುದು. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಪುಟ್ಟ ಬಾನುಲಿಗೆ ಇಟ್ಟ 'ಆಕಾಶವಾಣಿ' ಎಂಬ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು.

ಇನ್ನು ಹಾಡುವವರಿಗೇನು ಬರ? ಅಂತೂರ-ಬೆಂತೂರು ಇರುವ ಗದಗ ಸೀಮೆಯಲ್ಲೇ ಕುರ್ತಕೋಟಿ ಇದೆ. ಅಲ್ಲಿಯ ಅಗಸರ ಚನ್ನಪ್ಪನವರೇ ಭೀಮಸೇನ ಜೋಶಿಯವರಿಗೆ ಮೊದಲ ಪಾಠ ಹೇಳಿದವರು. ಜೋಶಿಯವರು ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹಿಡಿದವರಂತಾಗಿ, 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದ ಕತೆ ಎಲ್ಲರಿಗೂ ಗೊತ್ತು. ಯಾರೋ ಹಚ್ಚಿದ ಒಂದು ತಟ್ಟೆ ದಾರಿಯಲ್ಲಿ ಹೋಗುವ ಹುಡುಗನ ಕಿವಿಗೆ ಬಿತ್ತು. ನಾಡಿಗೆ ಒಬ್ಬ ಭಾರತರತ್ನ ಸಿಕ್ಕರು. ತಾನಾಗಿ ಹುಡುಕಿ ಕೇಳುವುದು ಬೇರೆ, ತಾನಾಗಿ ಕಿವಿಗೆ ಬೀಳುವುದು ಬೇರೆ. ರೇಡಿಯೊದ ದೊಡ್ಡ ಗುಣವೇ ಈ ಎರಡನೆಯದು.

ರಿಪೇರಿಗೆ ಗದಗಿಗೆ ಹೋದ ದಿನ ಹೊತ್ತಿತ್ತೆಂದು ವೀರೇಶ್ವರ ಪುಣ್ಯಾಶ್ರಮಕ್ಕೂ ಹೋಗಿ ಬಂದೆ. ಹುಟ್ಟು ಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ಆಶ್ರಮ ಅದು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಬಾಲ್ಯದಲ್ಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರಿನಲ್ಲಿ ದೇಹ ಬಿಡುವವರೆಗೆ ನಡೆಸಿದರು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ, ಸಂಗೀತದ ಪಾಠ ಎಲ್ಲ ಅಲ್ಲಿ ಪುಕ್ಕಟೆ. ಒಂದು ಕೋಣೆಯಲ್ಲಿ ಹಾರ್ಮೋನಿಯಂ, ಮತ್ತೊಂದರಲ್ಲಿ ತಬಲಾ, ಅಂಗಳದಲ್ಲಿ ವಚನ. ಬಸವರಾಜ ರಾಜಗುರುಗಳಂಥವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಕುಂದಗೋಳದ ಸವಾಯಿ ಗಂಧರ್ವರು - ಒಂದು ದಿನದ ಬಸ್ ಪ್ರಯಾಣದೊಳಗೆ ಇಷ್ಟು ದೊಡ್ಡ ಹೆಸರುಗಳಿರುವ ಸೀಮೆ ಇಡೀ ದೇಶದಲ್ಲಿ ಎಷ್ಟಿವೆ? ಇವರ ಕಂಠ ಆಕಾಶವಾಣಿಯ ಧ್ವನಿಸಂಗ್ರಹದಲ್ಲಿದೆ. ಕಣಜದಲ್ಲಿ ಕಾಳಿದೆ, ಹೊರಗೆ ತೆಗೆದು ಅಡಿಗೆ ಮಾಡಿ ಬಡಿಸಬೇಕು.

ಪಥ್ಯದ ಊಟವೂ ಒಗ್ಗರಣೆಯೂ

ಕೇಳುಗರು ಕಡಿಮೆಯಾದಾಗ ಹಾಡಿನ ಬಲದಿಂದಲೇ ರೇಡಿಯೊ ಮತ್ತೆ ಎದ್ದು ನಿಂತದ್ದು ನಮ್ಮ ದೇಶದಲ್ಲಿ ಹಿಂದೆಯೂ ನಡೆದಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತದ ಮೇಲೆ ಅವರಿಗೆ ಬಹಳ ಭಕ್ತಿ. ಅದೇ ವರ್ಷ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಲ್ಲಿ ಆಕಾಶವಾಣಿ ಸಂಗೀತ ಸಮ್ಮೇಳನ ಶುರುವಾದವು. ಇದರಿಂದ ಎಷ್ಟೋ ಕಲಾವಿದರ ಮನೆಯ ಒಲೆ ಉರಿಯಿತು, ಹಳ್ಳಿಯವರಿಗೂ ದೊಡ್ಡವರ ಗಾಯನ ಪುಕ್ಕಟೆ ಕೇಳಲು ಸಿಕ್ಕಿತು. ಆದರೆ ಅದರ ಜೊತೆಗೇ ಸಿನಿಮಾ ಹಾಡಿಗೆ ಬಾಗಿಲು ಮುಚ್ಚಿದಂತಾಯಿತು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಚ್ಚಿದರು. 1952ರಲ್ಲೇ ಅಲ್ಲಿ ಬಿನಾಕಾ ಗೀತಮಾಲಾ ಆರಂಭವಾಗಿ ಅಮೀನ್ ಸಯಾನಿಯವರ ಕಂಠ ಮನೆಮಾತಾಯಿತು. (ಅವರು 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನಮ್ಮ ಓಣಿಯ ಹಿರಿಯರು ಬಂಧುವೊಬ್ಬರು ಹೋದಂತೆ ಮರುಗಿದರು.) ಕೊನೆಗೆ ಆಕಾಶವಾಣಿಯೇ ಮನಸ್ಸು ಬದಲಿಸಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆಯಿತು. ಹೋದ ಕೇಳುಗರು ಮರಳಿ ಬಂದರು.

ಅಡಿಗೆ ಮಾಡುವ ನಮಗೆ ಇದು ತಿಳಿಯದ ಮಾತೇನಲ್ಲ. ಪಥ್ಯದ ಊಟ ಮೈಗೆ ಒಳ್ಳೆಯದೇ. ಆದರೆ ಮೂರು ಹೊತ್ತೂ ಅದನ್ನೇ ಬಡಿಸಿದರೆ ಮನೆಯವರು ಗಿರಮಿಟ್ಟಿನ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ. ಒಗ್ಗರಣೆಯೂ ಬೇಕು, ಬೇಳೆಯೂ ಬೇಕು.

ಇನ್ನೊಂದು ಸ್ವಾರಸ್ಯ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನುಡಿಸುವಂತಿರಲಿಲ್ಲ. ಅದರ ಮನೆಗಳಲ್ಲಿ ಸ್ವರವನ್ನು ಜಾರಿಸಲು ಬರುವುದಿಲ್ಲ, ನಮ್ಮ ಸಂಗೀತದ ಸೂಕ್ಷ್ಮ ಅದಕ್ಕೆ ಹಿಡಿಯದು ಎಂಬ ಕಾರಣ. ಪುಣ್ಯಾಶ್ರಮದ ಕೋಣೆಕೋಣೆಯಲ್ಲಿ ಹಾರ್ಮೋನಿಯಂ ಕೇಳಿಬಂದ ನನಗೆ ಆ ನಿಷೇಧವನ್ನು ನೆನೆದರೆ ನಗು ಬರುತ್ತದೆ. ಹಿರಿಯರು ಹಾಕಿದ ಕಟ್ಟಳೆ ಕೂಡ ಕಾಲ ಬಂದಾಗ ಸಡಿಲಾಗಲೇಬೇಕು. 2016ರ ಜನವರಿಯಲ್ಲಿ ಬೆಂಗಳೂರಿನಿಂದ 'ರಾಗಂ' ಎಂಬ ದಿನವಿಡೀ ಶಾಸ್ತ್ರೀಯ ಸಂಗೀತದ ವಾಹಿನಿ ಆರಂಭವಾಯಿತು. ಬಹಳ ಸಂತೋಷದ ಸುದ್ದಿ. ಆದರೆ ಅದು ಬಂದದ್ದು ಡಿಶ್ ಟಿ.ವಿ. ಮತ್ತು ಇಂಟರ್‌ನೆಟ್ ಮೂಲಕ. ದೊಡ್ಡವ್ವ ಕಿವಿ ಹಿಂಡಿದರೆ ಮಾತಾಡುವ ಪೆಟ್ಟಿಗೆಗೆ ಅದು ಬರಲಿಲ್ಲ.

ಹಳೆ ಹಾಡಿಗೆ ಹಳೆ ಅಲೆ

ಮೀಡಿಯಂ ವೇವ್ ಯಾಕೆ ಸೊರಗಿತು? ಒಂದು, ನಾನು ಮೊದಲೇ ಹೇಳಿದ ಬಲ್ಬು-ಚಾರ್ಜರುಗಳ ಗದ್ದಲ. ಎರಡು, ಮೊಬೈಲುಗಳಲ್ಲಿ ಎಫ್.ಎಂ. ಬಂತೇ ಹೊರತು ಮೀಡಿಯಂ ವೇವ್ ಬರಲಿಲ್ಲ. ಮೂರು, ಖರ್ಚು. ಧಾರವಾಡದ 765 ಕಿಲೋಹರ್ಟ್ಸ್ ಪ್ರಸಾರದ ಶಕ್ತಿ 200 ಕಿಲೋವಾಟ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 500 ವಾಟಿನ 400 ಮಿಕ್ಸರುಗಳನ್ನು ಒಮ್ಮೆಲೇ ತಿರುಗಿಸಿದಷ್ಟು! ಅದನ್ನು ಉತ್ಪಾದಿಸಲು ಯಂತ್ರ ಎಳೆಯುವ ಕರೆಂಟು ಇನ್ನೂ ಹೆಚ್ಚು. ಬಿಲ್ಲು ಎಷ್ಟು ಬಂದೀತು, ನೀವೇ ಊಹಿಸಿ. ಅದಕ್ಕೇ ಪ್ರಸಾರ ಭಾರತಿಯವರು ಈಚಿನ ವರ್ಷಗಳಲ್ಲಿ ದೇಶದ ಹಲವೆಡೆ ಹಳೆಯ ಮೀಡಿಯಂ ವೇವ್ ಯಂತ್ರಗಳನ್ನು ನಿಲ್ಲಿಸುತ್ತ ಎಫ್.ಎಂ. ಕಡೆ ಹೊರಳಿದ್ದಾರೆ. ಮನೆ ನಡೆಸುವವರಾದ ನಾವು ಖರ್ಚಿನ ಮಾತನ್ನು ತಳ್ಳಿಹಾಕುವಂತಿಲ್ಲ.

ಆದರೆ ಗುಣವನ್ನೂ ನೋಡಬೇಕು. ಎಫ್.ಎಂ. ಅಲೆ ನೆಟ್ಟ ನೋಟದಂತೆ ನೇರ ಹೋಗುತ್ತದೆ. ಗೋಪುರ ಕಣ್ಮರೆಯಾದಷ್ಟು ದೂರ ಹೋದರೆ ಸಣ್ಣಗಾಗುತ್ತದೆ. ಮೀಡಿಯಂ ವೇವ್ ನೆಲವನ್ನು ತಬ್ಬಿಕೊಂಡು ಹೋಗುವಂಥದ್ದು. ಧಾರವಾಡದಿಂದ ಗದಗಿಗೆ ಸುಮಾರು 80 ಕಿಲೋಮೀಟರ್. ನಡುವೆ ತೇವ ಹಿಡಿಯುವ ಎರಿ ಮಣ್ಣಿನ ಬಯಲು. ಈ ಅಲೆಗೆ ಒಣ ಕಲ್ಲುನೆಲಕ್ಕಿಂತ ಇಂಥ ನೆಲ ಅನುಕೂಲ. ಅಂತೂರಿನ ಹೊಲದಲ್ಲಿ ಧಾರವಾಡ ಅಷ್ಟು ಸ್ವಚ್ಛ ಕೇಳಿದ್ದಕ್ಕೆ ಇದೂ ಕಾರಣ. ಒಂದೇ ಗೋಪುರದಿಂದ ನಾಲ್ಕಾರು ಜಿಲ್ಲೆಗೆ ಮುಟ್ಟುವ ಈ ಶಕ್ತಿ ಎಫ್.ಎಂ.ಗೆ ಇಲ್ಲ, ಅದಕ್ಕೆ ಊರೂರಿಗೂ ಗೋಪುರ ಬೇಕು. ಮಳೆ-ಗಾಳಿ ಬಂದು ಕರೆಂಟು ಹೋಗಿ ಮೊಬೈಲ್ ಸತ್ತರೂ ಎರಡು ಬ್ಯಾಟರಿಯ ರೇಡಿಯೊ ಮಾತಾಡುತ್ತಲೇ ಇರುತ್ತದೆ.

ಇನ್ನು ದನಿಯ ಮಾತು. ಮೀಡಿಯಂ ವೇವ್‌ನಲ್ಲಿ ಬಹಳ ತಾರದ ನಾದಗಳು, ಅಂದರೆ ಇಂದಿನ ಸಿನಿಮಾ ಹಾಡಿನ ಝಣಝಣ ಸದ್ದುಗಳು, ಕತ್ತರಿಸಿ ಹೋಗುತ್ತವೆ. ಅದಕ್ಕೇ ಹೊಸ ಹಾಡು ಅಲ್ಲಿ ಮಂಕಾಗಿ ಕೇಳುತ್ತದೆ. ಆದರೆ 78 ಸುತ್ತಿನ ಹಳೆಯ ತಟ್ಟೆಗಳಲ್ಲಿ ಆ ತಾರದ ನಾದಗಳು ಮೊದಲೇ ಕಡಿಮೆ. ಹಳೆ ಹಾಡಿನ ಜೀವ ಇರುವುದು ಕಂಠದಲ್ಲಿ, ತಂಬೂರಿಯ ಗುಂಯ್‌ಕಾರದಲ್ಲಿ, ತಬಲಾದ ನಡುದನಿಯಲ್ಲಿ. ಮೀಡಿಯಂ ವೇವ್ ಅವನ್ನು ಚೆನ್ನಾಗಿಯೇ ಹೊತ್ತು ತರುತ್ತದೆ. ಹಳೆ ಗಡಿಗೆಯಲ್ಲಿ ಮೊಸರು ಹೆಪ್ಪು ಹಾಕಿದರೆ ರುಚಿ, ಅದರಲ್ಲಿ ಹಪ್ಪಳ ಕರಿಯಲು ಹೋಗಬಾರದು. ಎಫ್.ಎಂ. ಮಾಡುವ ಕೆಲಸವನ್ನೇ ಮೀಡಿಯಂ ವೇವ್ ಮಾಡಹೋದರೆ ಸೋಲು ಖಂಡಿತ. ತನಗೆ ಒಪ್ಪುವ ಹಾಡನ್ನು ಹಾಡಿದರೆ ಗೆಲ್ಲಬಹುದು.

ಹೊರದೇಶದವರು ಕಂಡುಕೊಂಡದ್ದು

ಇದು ನನ್ನೊಬ್ಬಳ ಹುಚ್ಚು ಅಂದುಕೊಳ್ಳಬೇಡಿ. ಜರ್ಮನಿ, ಫ್ರಾನ್ಸ್ ದೇಶಗಳಲ್ಲಿ 2015ರ ಸುಮಾರಿಗೆ ಸರಕಾರಿ ಮೀಡಿಯಂ ವೇವ್ ಕೇಂದ್ರಗಳು ಬಹುಮಟ್ಟಿಗೆ ಮುಚ್ಚಿದವು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೊಂದು ನಡೆಯಿತು. 1964ರಲ್ಲಿ ಸಮುದ್ರದಲ್ಲಿ ಹಡಗಿನ ಮೇಲಿಂದ ಹಾಡು ಬಿತ್ತರಿಸಿ ಹೆಸರಾಗಿದ್ದ ರೇಡಿಯೊ ಕ್ಯಾರೊಲೈನ್ ಎಂಬ ಕೇಂದ್ರಕ್ಕೆ, ಬಿ.ಬಿ.ಸಿ. ಬಿಟ್ಟುಹೋದ 648 ಕಿಲೋಹರ್ಟ್ಸ್ ಜಾಗ 2017ರಲ್ಲಿ ಸಿಕ್ಕಿತು. ಆರಂಭದ ಶಕ್ತಿ ಬರೀ 1000 ವಾಟ್, ಅಂದರೆ ನಮ್ಮ ಎರಡು ಮಿಕ್ಸರಿನಷ್ಟು. ಹಳೆಯ ಹಾಡುಗಳನ್ನು ಪ್ರೀತಿಯಿಂದ ಹಾಕುತ್ತ, ಅಭಿಮಾನಿಗಳ ನೆರವಿನಿಂದ ಆ ಕೇಂದ್ರ ಮತ್ತೆ ಕಾಲೂರಿತು. ದೊಡ್ಡ ಯಂತ್ರವೇ ಬೇಕೆಂದಿಲ್ಲ, ಕೇಳುಗರ ಬಳಗ ಬೇಕು ಎಂಬುದು ಇದರ ಪಾಠ. ಅಮೆರಿಕದಲ್ಲಿ ವಿದ್ಯುತ್ ಕಾರುಗಳ ಗದ್ದಲದಿಂದಾಗಿ ಕಂಪನಿಗಳು ಕಾರಿನ ರೇಡಿಯೊದಿಂದ ಮೀಡಿಯಂ ವೇವ್ ತೆಗೆಯಹೊರಟಾಗ, ವಿಪತ್ತಿನ ಕಾಲದಲ್ಲಿ ಎಚ್ಚರಿಕೆ ಕೊಡಲು ಅದು ಬೇಕೇಬೇಕೆಂದು 2023ರಲ್ಲಿ ಅಲ್ಲಿಯ ಸಂಸತ್ತಿನ ಮುಂದೆ ಮಸೂದೆಯೇ ಬಂತು.

ನಮ್ಮಲ್ಲೇ ನೋಡಿ. ಸಾರೆಗಾಮಾ ಕಂಪನಿಯವರು 2017ರಲ್ಲಿ 'ಕಾರವಾನ್' ಎಂಬ ಪೆಟ್ಟಿಗೆ ತಂದರು. ನೋಡಲು ಹಳೆ ಟ್ರಾನ್ಸಿಸ್ಟರ್, ಒಳಗೆ 5000 ಹಳೆ ಹಾಡು. ಪೇಟೆಯ ಮಕ್ಕಳು ತಂದೆ-ತಾಯಿಗೆ ಕಾಣಿಕೆಯಾಗಿ ಕೊಂಡುಕೊಂಡು ಹೋದರು. ಅಂದರೆ ಹಳೆ ಹಾಡಿಗೆ ಗಿರಾಕಿ ಇಲ್ಲ ಅನ್ನುವ ಮಾತು ಸುಳ್ಳು. ಆದರೆ ಆ ಪೆಟ್ಟಿಗೆಗೆ ಸಾವಿರಾರು ರೂಪಾಯಿ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಗಳಿಗೆ ಅದು ಎಟುಕೀತೇ? ಸರಕಾರದ ರೇಡಿಯೊ ಎಟುಕುತ್ತದೆ.

ನನಗೆ ತೋಚಿದ್ದು

ನಾನು ಹೈಸ್ಕೂಲು ಮುಗಿಸಿದವಳು, ತಜ್ಞಳಲ್ಲ. ಕೇಳುಗಳಾಗಿ ನಾಲ್ಕು ಮಾತು ಹೇಳುತ್ತೇನೆ.

ಧಾರವಾಡದಂಥ ಹಳೆಯ ಕೇಂದ್ರಗಳ ಮೀಡಿಯಂ ವೇವನ್ನು ಹಳೆಯ ಕನ್ನಡ ಸಂಗೀತಕ್ಕೇ ಮೀಸಲಿಡಬಹುದು. ಮುಂಜಾನೆ ವಚನ, ದಾಸರ ಪದ, ತತ್ವಪದ. ಆಮೇಲೆ ಮನಸೂರ, ಗಂಗೂಬಾಯಿ, ರಾಜಗುರು, ಭೀಮಸೇನರ ಗಾಯನ. ಮಧ್ಯಾಹ್ನ ನಾವು ಪಾತ್ರೆ ತೊಳೆದು ಕೂರುವ ಹೊತ್ತಿಗೆ ಭಾವಗೀತೆ, ಹಳೆಯ ಚಿತ್ರಗೀತೆ. ಸಂಜೆ ರಂಗಗೀತೆ, ಬೀಸುಕಲ್ಲಿನ ಪದ, ಡೊಳ್ಳಿನ ಪದ. ವಾರ್ತೆ ಮತ್ತು ರೈತರ ಕಾರ್ಯಕ್ರಮಗಳ ಹೊತ್ತು ಮಾತ್ರ ಅಲುಗಾಡಬಾರದು. ದೊಡ್ಡವ್ವನಂಥವರಿಗೆ ಅದೇ ಗಡಿಯಾರ.

ಹಾಡಿನ ಹಿಂದೆ-ಮುಂದೆ ಎರಡು ಮಾತು ಬೇಕು. ಹಾಡಿದವರು ಯಾರು, ಯಾವ ಊರಿನವರು, ಯಾವ ರಾಗ, ಎಂದು ಧ್ವನಿಮುದ್ರಿಸಿದ್ದು ಎಂದು ಹೇಳಿದರೆ ಕೇಳುವವರ ತಿಳಿವಳಿಕೆ ಬೆಳೆಯುತ್ತದೆ. ಕಂಪ್ಯೂಟರ್ ತಾನಾಗಿ ಒಂದರ ಹಿಂದೊಂದು ಹಾಡು ಉರುಳಿಸಿದರೆ ಮನೆಯಲ್ಲಿ ಯಾರೂ ಇಲ್ಲದೆ ದೀಪ ಉರಿದಂತೆ.

ತೀರಿಹೋದವರನ್ನಷ್ಟೇ ಹಾಡಿಸಿದರೆ ಕೇಂದ್ರ ಬದುಕದು. ವಾರಕ್ಕೊಮ್ಮೆಯಾದರೂ ಪುಣ್ಯಾಶ್ರಮದ ಮಕ್ಕಳು, ಹಳ್ಳಿಯ ಭಜನಾ ಮೇಳದವರು, ಸೋಬಾನೆ ಹಾಡುವ ಅವ್ವಂದಿರು ಹಾಡಬೇಕು. ಇಂದಿನ ಕಂಠ ನಾಳೆಯ ಸಂಗ್ರಹ.

ಖರ್ಚು ಉಳಿಸಲು ಯಂತ್ರದ ಶಕ್ತಿ ತಗ್ಗಿಸಬಹುದೇ, ಡಿ.ಆರ್.ಎಂ. ಎಂಬ ಡಿಜಿಟಲ್ ವಿಧಾನಕ್ಕೆ ಹೋಗಬಹುದೇ ಎಂಬುದನ್ನು ಇಂಜಿನಿಯರುಗಳು ನೋಡಲಿ. ಡಿಜಿಟಲ್ಲಿನಲ್ಲಿ ಕಡಿಮೆ ಕರೆಂಟಿನಲ್ಲಿ ಸ್ವಚ್ಛ ದನಿ ಬರುತ್ತದೆ, ನಿಜ. ಆದರೆ ಅದನ್ನು ಹಿಡಿಯುವ ರೇಡಿಯೊ ಅಗ್ಗವಾಗಿ ಗದಗಿನ ಅಂಗಡಿಯಲ್ಲಿ ಸಿಗುವವರೆಗೆ ಹಳೆಯದನ್ನು ಕೀಳಬಾರದು. ಹೊಸ ಬಾವಿಗೆ ನೀರು ಬರುವ ಮುಂಚೆ ಹಳೆ ಬಾವಿ ಮುಚ್ಚುವರುಂಟೇ?

ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ರೈತರು ನಾಲ್ಕಾಣೆ ಎಂಟಾಣೆ ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಾಲಕ್ಕಾಗಿ ಒಗ್ಗಟ್ಟಾದ ನಾಡು ಹಾಡಿಗಾಗಿ ಒಗ್ಗಟ್ಟಾಗಲಾರದೇ? ಊರಿನ ಸ್ತ್ರೀಶಕ್ತಿ ಸಂಘದವರು ಒಂದು ರೇಡಿಯೊ ಕೊಂಡು, ರೊಟ್ಟಿ ಬಡಿಯುವಲ್ಲಿಯೋ ಹೊಲಿಗೆ ಹಾಕುವಲ್ಲಿಯೋ ಹಚ್ಚಿಟ್ಟರೆ ಹತ್ತು ಮಂದಿ ಕೇಳುಗರಾದರು.

ಸೋದರಿಯರಿಗೆ ಕೆಲವು ಸೂಚನೆ

ಮನೆಯಲ್ಲಿ ಹಳೆ ರೇಡಿಯೊ ಇದ್ದರೆ ಗುಜರಿಗೆ ಹಾಕುವ ಮುನ್ನ ಇಷ್ಟು ಮಾಡಿ ನೋಡಿ:

- ಬ್ಯಾಟರಿ ಹಾಕಿ, ಮನೆಯ ಮೇನ್ ಸ್ವಿಚ್ ಒಂದು ನಿಮಿಷ ತೆಗೆದು ಕೇಳಿರಿ. ಗದ್ದಲ ನಿಂತರೆ ದೋಷ ರೇಡಿಯೊದಲ್ಲಿಲ್ಲ. ಒಂದೊಂದೇ ಬಲ್ಬು, ಚಾರ್ಜರು ಹಚ್ಚುತ್ತ ಹೋದರೆ ಕಳ್ಳ ಸಿಗುತ್ತಾನೆ.
- ರೇಡಿಯೊವನ್ನು ಟಿ.ವಿ., ಫ್ರಿಜ್, ಚಾರ್ಜರುಗಳಿಂದ ದೂರ, ಕಿಟಕಿಯ ಬಳಿ ಇಡಿರಿ. ತಗಡಿನ ಶೆಡ್ಡಿನೊಳಗೆ ಅಲೆ ಬರುವುದು ಕಷ್ಟ.
- ಮೀಡಿಯಂ ವೇವ್‌ಗೆ ಮೇಲಿನ ಉದ್ದ ಕಡ್ಡಿ ಕೆಲಸಕ್ಕೆ ಬಾರದು. ಪೆಟ್ಟಿಗೆಯ ಒಳಗೇ ಅಡ್ಡಲಾಗಿ ಮಲಗಿಸಿದ ಕರಿಯ ಕಡ್ಡಿಯೊಂದು ಅಲೆ ಹಿಡಿಯುತ್ತದೆ. ಪೆಟ್ಟಿಗೆಯ ಮುಖ ಇಲ್ಲವೆ ಬೆನ್ನು ಧಾರವಾಡದ ಕಡೆ ಇರಲಿ. ಗದಗಿನವರಿಗೆ ಅದು ಪಶ್ಚಿಮ. ಸ್ವಲ್ಪ ಸ್ವಲ್ಪ ತಿರುಗಿಸುತ್ತ ಎಲ್ಲಿ ಜೋರು ಕೇಳುತ್ತದೋ ಅಲ್ಲಿ ನಿಲ್ಲಿಸಿ.
- ಹಳೆ ಸೆಟ್ಟಿನಲ್ಲಿ ಮೀಟರಿನ ಗುರುತಿದ್ದರೆ 765 ಕಿಲೋಹರ್ಟ್ಸ್ ಅಂದರೆ 392 ಮೀಟರ್.
- ಬಳಸದ ದಿನಗಳಲ್ಲಿ ಬ್ಯಾಟರಿ ತೆಗೆದಿಡಿ, ಸೋರಿದರೆ ತಗಡು ಕಿಲುಬುತ್ತದೆ.

ಕೊನೆಯದಾಗಿ, ಒಂದು ಕಾರ್ಡು ಬರೆಯಿರಿ. ನೀವು ಕೇಳಿದ ಕಾರ್ಯಕ್ರಮದ ಹೆಸರು, ದಿನ, ವೇಳೆ, ದನಿ ಹೇಗೆ ಕೇಳಿತು, ಯಾವ ಹಾಡು ಬೇಕು ಎಂದು ಬರೆದು ನಿಮ್ಮ ಹತ್ತಿರದ ಆಕಾಶವಾಣಿಯ ಕೇಂದ್ರ ನಿರ್ದೇಶಕರಿಗೆ ಕಳಿಸಿರಿ. ಮನೆಯ ಹಿರಿಯರಿಗೆ ಬರೆಯಲು ಬಾರದಿದ್ದರೆ ಅವರ ಮಾತನ್ನೇ ನೀವು ಬರೆದುಕೊಡಿ. ಯಂತ್ರ ನಿಲ್ಲಿಸಬೇಕೋ ಬೇಡವೋ ಎಂದು ಲೆಕ್ಕ ಹಾಕುವವರ ಮೇಜಿನ ಮೇಲೆ ಕರೆಂಟಿನ ಬಿಲ್ಲು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಅದರ ಪಕ್ಕದಲ್ಲಿ ನಮ್ಮ ಕಾರ್ಡೂ ಇರಲಿ.